ಇದೇನು ಮನೆಯೋ ಹೋಟೆಲೋ

ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ಯಾರಾದರೂ ಲೆಕ್ಕ ಇಟ್ಟಿದ್ದರೆ ಅದು ‘ಇದೇನು ಮನೆಯೋ ಹೋಟೆಲೋ’ ಎಂಬುದೇ ಆಗಿರುತ್ತಿತ್ತು. ಕುಡಿದ ಕಾಫಿಯ ಲೋಟವನ್ನು ಪೇಪರಿನ ಮೇಲೇ ಬಿಟ್ಟು ಏಳುವುದು, ಮಿಂದು ಬಂದು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದು, ಹೊದಿಕೆಯೊಳಗಿಂದ ಹಾವು ಪೊರೆ ಬಿಟ್ಟಂತೆ ಜಾರಿ ಹೊರಬರುವುದು, ಇವು ನಮ್ಮ ಯಜಮಾನರ ನಿತ್ಯಕರ್ಮಗಳು. ನನ್ನ ಪ್ರಶ್ನೆಗೆ ಅವರು ಒಂದು ದಿನವೂ ಉತ್ತರ ಕೊಟ್ಟವರಲ್ಲ. ಉತ್ತರ ನನಗೆ ಸಿಂಗಪುರದಲ್ಲಿ ಸಿಕ್ಕಿತು.

ಅವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಎಲ್ಲಿಗಾದರೂ ಹೋಗಿಬರೋಣ ಎಂಬ ಮಾತು ನಡೆದಿತ್ತು. ನನ್ನ ತಂಗಿಯ ಮಗಳು ಕ್ರೆಡಿಟ್ ಕಾರ್ಡಿನಲ್ಲಿ ಅದೆಷ್ಟೋ ಪಾಯಿಂಟುಗಳನ್ನು ಕೂಡಿಟ್ಟಿದ್ದಳು. “ದೊಡ್ಡಮ್ಮ, ನೀವು ಮೂರು ದಿನ ಒಂದು ಕಡ್ಡಿಯನ್ನೂ ಎತ್ತಿಡಬಾರದು” ಎಂದು ಆಣೆ ಮಾಡಿಸಿ, ಊರ ನಡುವಿನ ದೊಡ್ಡ ಹೋಟೆಲಿನಲ್ಲಿ ಕೋಣೆ ಕಾದಿರಿಸಿಕೊಟ್ಟಳು. ಪಕ್ಕದ ಮನೆಯವರಿಗೆ ಮೂರು ದಿನ ಹೋಟೆಲಿನಲ್ಲಿರುತ್ತೇವೆ ಎಂದರೆ, “ಮೂರು ದಿನ ಹೋಟೆಲಿನದೇ ತಿಂದರೆ ಹೊಟ್ಟೆ ಕೆಡುವುದಿಲ್ಲವೇ?” ಎಂದರು. ತಪ್ಪು ಅವರದಲ್ಲ. ನಮ್ಮಲ್ಲಿ ಹೋಟೆಲೆಂದರೆ ತಿನ್ನುವ ಜಾಗ, ಮಲಗುವುದಕ್ಕೆ ಲಾಡ್ಜು. ಆದರೆ ಗಾಜಿನ ಬಾಗಿಲಿನ ಮುಂದೆ ಕೋಟು ತೊಟ್ಟವನು ನಿಂತು ನಮಸ್ಕರಿಸುವ ಜಾಗವನ್ನು ಲಾಡ್ಜು ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಹಾರಾಟ. ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡು, ನಿದ್ದೆಗಣ್ಣಿನಲ್ಲಿ ಹೋಟೆಲಿಗೆ ಬಂದೆವು. ಕೋಣೆ ಸಿಗುವುದು ಮೂರು ಗಂಟೆಯ ಮೇಲೆ ಎಂದರು. ಕಾಯುವ ಹೊತ್ತಿನಲ್ಲಿ ಯಜಮಾನರು ಊಟದ ದರಪಟ್ಟಿ ಹಿಡಿದು ಕೂತರು. ಅಲ್ಲಿ ದರದ ಪಕ್ಕದಲ್ಲಿ ಎರಡು ಕೂಡಿಸುವ ಚಿಹ್ನೆಗಳಿರುತ್ತವೆ. ಮೊದಲನೆಯದು ಹತ್ತು ಶೇಕಡಾ ಸೇವಾಶುಲ್ಕ, ಎರಡನೆಯದು ಒಂಬತ್ತು ಶೇಕಡಾ ತೆರಿಗೆ. “ಹತ್ತೂ ಒಂಬತ್ತೂ ಹತ್ತೊಂಬತ್ತಲ್ಲ, ತಿಳಿಯಿತೇ? ತೆರಿಗೆಯನ್ನು ಸೇವಾಶುಲ್ಕದ ಮೇಲೂ ಹಾಕುತ್ತಾರೆ. ನೂರು ಡಾಲರ್ ಎಂದರೆ ನೂರಹತ್ತೊಂಬತ್ತು ಡಾಲರ್ ತೊಂಬತ್ತು ಸೆಂಟು” ಎಂದು ನನಗೆ ಬಿಡಿಸಿ ಹೇಳಿದರು. ಬ್ಯಾಂಕಿನವರ ಹೆಂಡತಿಗೆ ಪ್ರವಾಸದಲ್ಲೂ ಚಕ್ರಬಡ್ಡಿ ತಪ್ಪುವುದಿಲ್ಲ.

ಕೋಣೆಯೊಳಗೆ ಕಾಲಿಟ್ಟಾಗ ನನಗೆ ಮೊದಲು ಮೆಚ್ಚುಗೆಯಾದದ್ದು ಕಿಟಕಿಯಾಚೆಯ ಸಮುದ್ರವಲ್ಲ, ಬಾಗಿಲ ಪಕ್ಕದ ಒಂದು ಸಣ್ಣ ಸಂದು. ಬೀಗದ ಕಾರ್ಡನ್ನು ಅದರಲ್ಲಿ ತೂರಿಸಿದರೆ ದೀಪ ಬರುತ್ತದೆ. ಕಾರ್ಡು ತೆಗೆದುಕೊಂಡು ಹೊರಟರೆ ದೀಪ, ಫ್ಯಾನು, ಟೀವಿ ಎಲ್ಲವೂ ತಾವೇ ಆರಿಹೋಗುತ್ತವೆ. ಮನೆಮಂದಿಯ ಬೆನ್ನ ಹಿಂದೆ ಸ್ವಿಚ್ಚು ಆರಿಸುತ್ತಲೇ ಅರ್ಧ ಆಯುಸ್ಸು ಕಳೆದವಳು ನಾನು. ಇದನ್ನು ಕಂಡುಹಿಡಿದವರು ಖಂಡಿತ ಯಾವಳೋ ಗೃಹಿಣಿಯೇ ಇರಬೇಕು ಎಂದುಕೊಂಡೆ. ಯಜಮಾನರು ಇದಾವುದನ್ನೂ ಗಮನಿಸದೆ ಬೂಟು ಕಳಚಿ, ಕಾಲುಚೀಲಗಳನ್ನು ಒಂದೊಂದು ದಿಕ್ಕಿಗೆ ಬಿಟ್ಟು, ಆ ವಿಶಾಲ ಮಂಚದ ಮೇಲೆ ಅನಂತಶಯನರಾದರು. ಹುಟ್ಟಿದಾಗಿನಿಂದ ಅಲ್ಲೇ ಇದ್ದವರ ಹಾಗೆ.

ನನಗೆ ಮಾತ್ರ ನೆಲೆ ಸಿಗಲಿಲ್ಲ. ಹೊದಿಕೆಯ ಮೂರು ಅಂಚುಗಳನ್ನೂ ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿರುತ್ತಾರೆ. ಲಕೋಟೆಯೊಳಗೆ ಕಾಗದ ತುರುಕಿದಂತೆ ತಲೆದೆಸೆಯಿಂದ ತೂರಿಕೊಳ್ಳಬೇಕು. ಇಬ್ಬರಿಗೆ ಆರು ದಿಂಬು. ಬಚ್ಚಲಿನಲ್ಲಿ ಎಲ್ಲವೂ ಇದೆ, ಒಂದು ಚೊಂಬಿನ ಹೊರತು. (ಚೊಂಬು ನಾನೇ ತಂದಿದ್ದೆ. ಪ್ರವಾಸ ಹೊರಡುವವರಿಗೆ ನನ್ನ ಒಂದೇ ಸಲಹೆ ಇದು.) ಬೆಳಗಿನ ಜಾವ ಎಚ್ಚರವಾದಾಗ ಒಲೆ ಹಚ್ಚುವುದಕ್ಕಿಲ್ಲ, ಹಾಲು ಕಾಯಿಸುವುದಕ್ಕಿಲ್ಲ, ಬಾಗಿಲಿಗೆ ನೀರು ಹಾಕೋಣವೆಂದರೆ ಬಾಗಿಲಾಚೆ ರತ್ನಗಂಬಳಿ. ಕೈ ಸುಮ್ಮನಿರಲಾರದೆ ಟವೆಲುಗಳನ್ನೆಲ್ಲ ಮಡಚಿ ಕಂಬಿಗೆ ಹಾಕಿದೆ. ಯಜಮಾನರನ್ನು ಎಬ್ಬಿಸಿ ಹಾಸಿಗೆ ಕೊಡವಿ, ಸುಕ್ಕಿಲ್ಲದಂತೆ ಹೊದಿಕೆ ಹಾಸಿ, ಆರು ದಿಂಬುಗಳನ್ನೂ ಗುಡ್ಡೆ ಮಾಡಿಟ್ಟೆ. “ಅದಕ್ಕೆ ಜನ ಇದ್ದಾರೆ” ಎಂದರು ಅವರು. ಜನ ಇದ್ದಾರೆ ಎಂದೇ ಅಲ್ಲವೇ ನಾನು ಮಾಡಿದ್ದು? ಬಂದವಳು ನೋಡಿ, ಯಾವ ಮನೆಯ ಹೆಂಗಸಪ್ಪಾ ಇವಳು ಎಂದುಕೊಳ್ಳಬಾರದಲ್ಲ.

ಬೆಳಗಿನ ತಿಂಡಿಗೆ ಹೋದರೆ ಅಲ್ಲೊಂದು ಮದುವೆಮನೆ. ಬ್ರೆಡ್ಡಿಗೆ ಸವರಿಕೊಳ್ಳಲು ಹಸಿರು ಛಾಯೆಯ ಒಂದು ಲೇಹ್ಯವಿತ್ತು, ಹೆಸರು ‘ಕಾಯ’. ತೆಂಗಿನ ಪರಿಮಳ ಬೇರೆ. ನಮ್ಮ ಕಾಯಿಹೋಳಿಗೆಯ ಹೂರಣವೇ ಕಡಲು ದಾಟಿ ಬಂದಿದೆ ಎಂದು ಎರಡು ಚಮಚ ಬಡಿಸಿಕೊಂಡೆ. ಮಲಯ ಭಾಷೆಯಲ್ಲಿ ಕಾಯ ಎಂದರೆ ಶ್ರೀಮಂತ ಎಂದಂತೆ; ತೆಂಗಿನ ಹಾಲು, ಸಕ್ಕರೆ, ಮೊಟ್ಟೆ ಸೇರಿಸಿ ಮಾಡುವ ಶ್ರೀಮಂತಿಕೆ. ಮೊಟ್ಟೆಯ ವಿಷಯ ತಿಳಿದದ್ದು ಎರಡನೆಯ ಚಮಚ ಮುಗಿದ ಮೇಲೆ. ಹೇಗಿತ್ತು ಎಂದು ದಯವಿಟ್ಟು ಕೇಳಬೇಡಿ. ಚೆನ್ನಾಗಿತ್ತು.

ಎದ್ದು ಹೊರಡುವಾಗ ನನ್ನ ತಟ್ಟೆ, ಅವರ ತಟ್ಟೆ, ಬಟ್ಟಲುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಚಮಚಗಳನ್ನು ಮೇಲಿಟ್ಟೆ. ಬಡಿಸುವ ಹುಡುಗ ಓಡಿಬಂದು, ತಾನೇನು ತಪ್ಪು ಮಾಡಿದೆನೋ ಎಂಬ ಮುಖ ಮಾಡಿ ನನ್ನ ಕೈಯಿಂದ ಕಿತ್ತುಕೊಂಡ.

ಮಧ್ಯಾಹ್ನ ರಾಫೆಲ್ಸ್ ಹೋಟೆಲ್ ನೋಡಲು ಹೋದೆವು. 1887ರಲ್ಲಿ ಸಾರ್ಕೀಸ್ ಎಂಬ ಅರ್ಮೇನಿಯನ್ ಮೂಲದ ಸಹೋದರರು ತೆರೆದ ಹೋಟೆಲು ಅದು. ಈಗ ರಾಷ್ಟ್ರೀಯ ಸ್ಮಾರಕ. ಬಿಳಿಯ ಕಮಾನುಗಳು, ಮುಂಬಾಗಿಲಲ್ಲಿ ರುಮಾಲು ಸುತ್ತಿದ ಆಜಾನುಬಾಹು ಸಿಖ್ಖರು. ನಮಗೆ ಅಲ್ಲಿ ಉಳಿಯುವ ಶಕ್ತಿ ಇಲ್ಲವಾದರೂ ಅದರ ಲಾಂಗ್ ಬಾರಿನಲ್ಲಿ ಕೂತು ಎದ್ದುಬರಲು ಅಡ್ಡಿಯಿರಲಿಲ್ಲ. ಸಿಂಗಪುರ ಸ್ಲಿಂಗ್ ಎಂಬ ಗುಲಾಬಿ ಬಣ್ಣದ ಪಾನೀಯ ಹುಟ್ಟಿದ್ದು ಅಲ್ಲಿಯೇ. ಹೆಂಗಸರು ನಾಲ್ಕು ಜನರ ಎದುರು ಮದ್ಯ ಕುಡಿಯುವುದು ಮರ್ಯಾದೆಯಲ್ಲ ಎಂದಿದ್ದ ಕಾಲದಲ್ಲಿ, ಹಣ್ಣಿನ ರಸದಂತೆ ಕಾಣಲಿ ಎಂದು ಅದನ್ನು ಬೆರೆಸಿದರು ಎನ್ನುತ್ತಾರೆ. ಯಜಮಾನರು ಅದನ್ನು ತರಿಸಿಕೊಂಡರು. ನನಗೆ ನಿಜವಾದ ಹಣ್ಣಿನ ರಸವೇ ಸಾಕಾಗಿತ್ತು.

ಆದರೆ ಹೇಳಹೊರಟದ್ದು ಕಡಲೆಕಾಯಿಯ ಸಂಗತಿ. ಆ ಬಾರಿನಲ್ಲಿ ಮೇಜುಗಳ ಬಳಿ ಕಡಲೆಕಾಯಿ ಇಟ್ಟಿರುತ್ತಾರೆ. ಸುಲಿದು ತಿಂದು ಸಿಪ್ಪೆಯನ್ನು ನೆಲಕ್ಕೇ ಎಸೆಯಬೇಕು; ಅದೇ ಅಲ್ಲಿನ ಸಂಪ್ರದಾಯ. ಹೊರಗೆ ಬೀದಿಯಲ್ಲಿ ಕಸ ಹಾಕಿದರೆ ಮೊದಲ ತಪ್ಪಿಗೇ 2,000 ಡಾಲರ್ ತನಕ ದಂಡ ವಿಧಿಸಬಲ್ಲ ಊರಿನಲ್ಲಿ, ಇಡೀ ನೆಲ ನಮ್ಮ ಬಸವನಗುಡಿಯ ಪರಿಷೆಯ ಮಾರನೆಯ ದಿನದ ಹಾಗಿತ್ತು. ನಡೆದರೆ ಕಾಲಡಿಯಲ್ಲಿ ಚರಚರ ಸದ್ದು. ಎಲ್ಲರೂ ನಗುತ್ತ ಎಸೆಯುತ್ತಿದ್ದರು. ಯಜಮಾನರ ಆನಂದವನ್ನಂತೂ ನೋಡಬೇಕಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಸ್ವಭಾವಕ್ಕೆ ಸಂಪ್ರದಾಯದ ಬೆಂಬಲ ಸಿಕ್ಕಿತ್ತು. ನಾನೂ ಒಂದು ಸಿಪ್ಪೆಯನ್ನು ಎಸೆಯಲು ಕೈ ಎತ್ತಿದೆ. ಆಗಲಿಲ್ಲ. ಕಾಗದದ ಕರವಸ್ತ್ರ ಹಾಸಿ ಅದರಲ್ಲಿ ಕೂಡಿಹಾಕಿ, ಪೊಟ್ಟಣ ಕಟ್ಟಿ ಕೈಚೀಲದಲ್ಲಿಟ್ಟುಕೊಂಡೆ. ಆ ಪೊಟ್ಟಣ ಬೆಂಗಳೂರಿನವರೆಗೂ ಬಂತು.

ಮರುದಿನ ಬೆಳಿಗ್ಗೆ ನಾನು ಹಾಸಿಗೆ ಸರಿಮಾಡಿ, ಯಜಮಾನರು ಕಡಲತೀರಕ್ಕೆ ನಡೆಯಲು ಹೋಗಿದ್ದ ಹೊತ್ತಿಗೆ ಕೋಣೆ ಸ್ವಚ್ಛಮಾಡುವ ಹೆಂಗಸು ಬಂದಳು. ನನ್ನ ವಯಸ್ಸಿನವಳೇ. ನನ್ನ ಕುಂಕುಮ ನೋಡಿದವಳೇ ತಮಿಳಿನಲ್ಲಿ ಮಾತಾಡಿಸಿದಳು. ನಾನು ಬಂಗಾರಪೇಟೆಯಲ್ಲಿ ಬೆಳೆದವಳು, ತಮಿಳು ನೆರೆಮನೆಯ ಭಾಷೆ. ಅವಳ ಮನೆ ಇರುವುದು ಸಿಂಗಪುರದಲ್ಲಲ್ಲ, ಮಲೇಷ್ಯಾದ ಜೊಹೋರ್‌ನಲ್ಲಿ. ನಡುವೆ ಇರುವುದು 1924ರಲ್ಲಿ ತೆರೆದ, ಒಂದು ಕಿಲೋಮೀಟರ್ ಉದ್ದದ ಕಟ್ಟೆದಾರಿ. ಒಂದು ಕಿಲೋಮೀಟರನ್ನು ದಾಟಲು ಅವಳು ನಾಲ್ಕು ಗಂಟೆಗೇ ಏಳುತ್ತಾಳೆ. ಪಾಸ್‌ಪೋರ್ಟು ತೋರಿಸಿ ಕೆಲಸಕ್ಕೆ ಬಂದು, ಮತ್ತೆ ಪಾಸ್‌ಪೋರ್ಟು ತೋರಿಸಿ ಮನೆಗೆ ಹೋಗುವುದು.

ನನ್ನ ಹಾಸಿಗೆಯ ಅಚ್ಚುಕಟ್ಟನ್ನು ನೋಡಿ ಮೆಚ್ಚುತ್ತಾಳೆಂದು ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಸೊಂಟಕ್ಕೆ ಕೈಕೊಟ್ಟು ನಿಟ್ಟುಸಿರು ಬಿಟ್ಟಳು. “ಅಮ್ಮಾ, ಹೀಗೆಲ್ಲ ಮಾಡಬೇಡಿ. ನೀವು ಹಾಸಿದ್ದನ್ನೆಲ್ಲ ಮೊದಲು ಕೀಳಬೇಕು, ಆಮೇಲೆ ನಾನು ಹಾಸಬೇಕು. ನನಗೆ ಎರಡು ಕೆಲಸ” ಎಂದಳು. ಟವೆಲಿನ ವಿಷಯವನ್ನೂ ಹೇಳಿದಳು. ಬಚ್ಚಲಿನ ಗೋಡೆಯ ಮೇಲೆ ಬರೆದೇ ಇತ್ತು, ನಾನು ಓದಿರಲಿಲ್ಲ. ಕಂಬಿಗೆ ಹಾಕಿದರೆ ಇದನ್ನೇ ಮತ್ತೆ ಬಳಸುತ್ತೇವೆ ಎಂದರ್ಥ, ನೆಲಕ್ಕೆ ಎಸೆದರೆ ಬದಲಾಯಿಸಿ ಎಂದರ್ಥ. ಹಿಂದಿನ ದಿನ ನಾನು ಮಡಚಿಟ್ಟ ಟವೆಲು ಹಳತಾಗಿಯೇ ಉಳಿದು, ಯಜಮಾನರು ಬಚ್ಚಲಲ್ಲಿ ಬೀಳಿಸಿದ ಜಾಗದಲ್ಲಿ ಬೆಣ್ಣೆಯಂಥ ಹೊಸ ಟವೆಲು ಬಂದದ್ದು ಹೇಗೆಂದು ಆಗ ತಿಳಿಯಿತು. ಅವರು ಆ ಬರಹವನ್ನು ಓದಿರಲಿಲ್ಲ ಎಂಬುದನ್ನು ನಾನು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಹೇಳಬಲ್ಲೆ. ಅವರಿಗೆ ಓದುವ ಅಗತ್ಯವಿರಲಿಲ್ಲ. ಮೂವತ್ತನಾಲ್ಕು ವರ್ಷ ಅವರು ಅಭ್ಯಾಸ ಮಾಡಿದ್ದೇ ಅದನ್ನು. ಪರೀಕ್ಷೆ ಮಾತ್ರ ಈಗ ಬಂದಿತ್ತು.

ಅವಳು ಮಾತಾಡುತ್ತಲೇ ಹೊದಿಕೆಯನ್ನು ಒಂದು ಸಲ ಗಾಳಿಗೆ ಬೀಸಿದಳು. ಅದು ಮಂಚದ ನಡುವಿಗೆ ಸರಿಯಾಗಿ ಬಂದು ಕೂತಿತು. ನಾಲ್ಕು ಮೂಲೆಗಳನ್ನು ಹೊಡೆದದ್ದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ದಿನಕ್ಕೆ ಹದಿನಾಲ್ಕು ಕೋಣೆಗಳಂತೆ. ಮನೆಗೆ ಹೋಗಿ ಮತ್ತೆ ಇದೇ ಕೆಲಸವೇ ಎಂದು ಕೇಳಿದೆ. ನಕ್ಕಳು. “ನನ್ನ ಹಾಸಿಗೆ ಬೆಳಿಗ್ಗೆ ಎದ್ದುಬಂದ ಹಾಗೇ ಇರುತ್ತದೆ ಅಮ್ಮಾ. ರಾತ್ರಿ ಅದರೊಳಕ್ಕೇ ಹೋಗಿ ಮಲಗುತ್ತೇನೆ. ಯಾರು ನೋಡುತ್ತಾರೆ?”

ಅಲ್ಲಿ ಭಕ್ಷೀಸು ಕೊಡುವ ರೂಢಿಯಿಲ್ಲ. ಉಪ್ಪಿಟ್ಟಿನ ಪೊಟ್ಟಣಗಳ ಜೊತೆ ತಂದಿದ್ದ ಕೋಡುಬಳೆಯ ಡಬ್ಬಿಯನ್ನು ಅವಳ ತಳ್ಳುಗಾಡಿಯಲ್ಲಿ ಇಟ್ಟೆ. ಬೇಡ ಬೇಡ ಎನ್ನುತ್ತಲೇ ಅದನ್ನು ಸಾಬೂನುಗಳ ಹಿಂದೆ ಸರಿಸಿಕೊಂಡಳು.

ಹೊರಡುವ ದಿನ ಬೆಳಿಗ್ಗೆ ಎದ್ದವಳು ಹಾಸಿಗೆಯ ಕಡೆ ತಿರುಗಿ ನೋಡದೆ ಸೀರೆ ಉಟ್ಟೆ. ಹೊದಿಕೆ ಅರ್ಧ ನೆಲಕ್ಕೆ ಇಳಿದಿತ್ತು, ದಿಂಬುಗಳು ಆರು ದಿಕ್ಕಿಗೆ. ಹಲ್ಲು ಕಚ್ಚಿ ಬಾಗಿಲೆಳೆದುಕೊಂಡು ಲಿಫ್ಟಿನ ತನಕ ಬಂದೆ. ಅಲ್ಲಿಗೆ ಬಂದ ಮೇಲೆ ತಡೆಯಲಾಗಲಿಲ್ಲ. “ರೀ, ಕನ್ನಡಕ ಮರೆತೆ, ಕಾರ್ಡು ಕೊಡಿ” ಎಂದೆ.

ಹಾಸಿಗೆಯನ್ನು ನಾನು ಮುಟ್ಟಲಿಲ್ಲ. ಅವರ ಒದ್ದೆ ಟವೆಲು ಅದರ ಮೇಲೆಯೇ ಬಿದ್ದಿತ್ತು. ಅದನ್ನು ಎತ್ತಿಕೊಂಡು ಬಚ್ಚಲಿಗೆ ಹೋದೆ, ಕಂಬಿಯ ಮುಂದೆ ಒಂದು ಕ್ಷಣ ನಿಂತೆ, ಆಮೇಲೆ ನೆಲಕ್ಕೆ ಎಸೆದೆ.

“ಸಿಕ್ಕಿತೇ?” ಎಂದರು ಯಜಮಾನರು, ಲಿಫ್ಟಿನ ಬಾಗಿಲು ಹಿಡಿದುಕೊಂಡು. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. “ಸಿಕ್ಕಿತು” ಎಂದೆ.