ಸಂಬಾಳಕ್ಕೂ ಒಂದು ಸೂರು ಬೇಕು

ಸಂಬಾಳ ಬಾರಿಸಿ ದೇವಿಯ ಕಥೆ ಹಾಡುವ ಗೊಂದಲಿಗರಂಥ ಅಲೆಮಾರಿ ಕಲಾವಿದರಿಗೆ ಅಲೆದಾಟವೇ ಕಲೆಯ ಜೀವಾಳ, ಮನೆ ಕಟ್ಟಿಕೊಟ್ಟರೆ ಹಾಡು ನಿಂತುಹೋಗುತ್ತದೆ ಎಂಬ ಮಾತನ್ನು ಜಾನಪದದ ಮೇಲೆ ಪ್ರೀತಿಯಿರುವವರ ಬಾಯಲ್ಲೇ ಕೇಳಿದ್ದೇನೆ. ನಾನಿದನ್ನು ಒಪ್ಪಲಾರೆ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಎಷ್ಟೋ ಮನೆಗಳಲ್ಲಿ ಮದುವೆಯಾದ ಮೇಲೆ ಗೊಂದಲ, ಅಂದರೆ ದೇವಿಯ ಹೆಸರಿನ ರಾತ್ರಿ ಹಾಡಿನ ಸೇವೆ, ಹಾಕಿಸುವ ಪದ್ಧತಿ ಇಂದಿಗೂ ಉಳಿದಿದೆ. ದೀವಟಿಗೆ ಹಚ್ಚಿ, ಅಂಬಾಭವಾನಿಯನ್ನು ಕರೆದು, ಸಂಬಾಳ, ತಂತಿವಾದ್ಯ ಚೌಡಿಕೆ, ತಾಳಗಳೊಂದಿಗೆ ರಾತ್ರಿಯಿಡೀ ಕಥೆ ಹಾಡುವ ಗೊಂದಲಿಗರು ನಸುಕಿನಲ್ಲಿ ಕಾಳು, ಕಾಣಿಕೆ ಕಟ್ಟಿಕೊಂಡು ಹೊರಡುತ್ತಾರೆ. ಅವರಲ್ಲಿ ಅನೇಕರು ಈಗ ಮನೆಮಾರು ಮಾಡಿಕೊಂಡಿದ್ದಾರೆ, ಅದು ಸಂತೋಷದ ಸಂಗತಿ. ಆದರೆ ಗೊಂದಲಿಗರು, ಕಿನ್ನರಿ ಜೋಗಿಗಳು, ಬುಡ್ಗ ಜಂಗಮರು, ದುರ್ಗಮುರಗಿಯವರು ಮುಂತಾದ ಅಲೆಮಾರಿ ಸಮುದಾಯಗಳಲ್ಲಿ ಊರ ಹೊರಗಿನ ಬಯಲಿನಲ್ಲಿ ತಾಡಪತ್ರಿ ಹೊದಿಸಿದ ಜೋಪಡಿಗಳಲ್ಲೇ ಮಳೆಗಾಲ ಕಳೆಯುವ ಕುಟುಂಬಗಳು ಇನ್ನೂ ಇವೆ.

ಸಂಬಾಳ ಚರ್ಮವಾದ್ಯ. ತಂಪಿಗೆ ತೊಗಲು ಸಡಿಲಾದರೆ ನಾದ ಮಂಕಾಗುತ್ತದೆ, ಬಿಸಿಗೆ ಹಿಡಿದು ಬಿಗಿ ಮಾಡಿಕೊಳ್ಳಬೇಕಾಗುತ್ತದೆ. ಸೋರುವ ಜೋಪಡಿಯಲ್ಲಿ ಒಣಗಿದ ಮೂಲೆ ಮೊದಲು ಮಕ್ಕಳಿಗೆ, ಆಮೇಲೆ ಉಳಿದರೆ ವಾದ್ಯಕ್ಕೆ. ಬಡತನವನ್ನು ಕಲೆಯ ಲಕ್ಷಣವೆಂದು ಹೊಗಳುವವರು ಇದನ್ನು ಗಮನಿಸಬೇಕು. ನಮ್ಮ ಬಾಗಲಕೋಟೆಯ ಗೊಂದಲಿ ಗಾಯಕ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಇಡೀ ಜಿಲ್ಲೆ ಹಿಗ್ಗಿತು, ನಾನೂ ಹಿಗ್ಗಿದೆ. ಅದೇ ಹಿಗ್ಗು ಬಯಲಿನ ಜೋಪಡಿಗಳವರೆಗೂ ತಲುಪಬೇಕು ಎಂಬುದಷ್ಟೇ ನನ್ನ ಆಸೆ.

ಸರ್ಕಾರದ ಯೋಜನೆಗಳಿಲ್ಲವೆಂದಲ್ಲ. ದೇವರಾಜ ಅರಸು ವಸತಿ ಯೋಜನೆಯಲ್ಲಿ ಅಲೆಮಾರಿಗಳಿಗೂ ಸ್ಥಾನವಿದೆ. ಆದರೆ ಮನೆಯ ಸಹಾಯಧನಕ್ಕೆ ಮೊದಲು ನಿವೇಶನ ಬೇಕು, ನಿವೇಶನ ಕೇಳಲು ವಾಸದ ದಾಖಲೆ ಬೇಕು, ಆ ದಾಖಲೆ ಹುಟ್ಟುವುದಕ್ಕೆ ಒಂದು ಮನೆ ಬೇಕು. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವಸತಿರಹಿತರ ಆಶ್ರಯ ಕೇಂದ್ರವಿರಬೇಕೆಂಬ ನಿಯಮವೂ ಇದೆ. ದುಡಿಯಲು ಬಂದ ಒಂಟಿ ಕೂಲಿಕಾರನಿಗೆ ಅದು ನಿಜಕ್ಕೂ ಆಸರೆ. ಮುದುಕರು, ಕೂಸುಗಳು, ಕೋಳಿ, ನಾಯಿ, ವಾದ್ಯಗಳ ಗಂಟಿನೊಂದಿಗೆ ಬದುಕುವ ಕುಟುಂಬ ಅಲ್ಲಿ ಎಷ್ಟು ದಿನ ಇದ್ದೀತು?

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗವನ್ನು ಬಿಟ್ಟುಕೊಟ್ಟು ನವನಗರ ಕಟ್ಟಿಕೊಂಡ ಊರು ನಮ್ಮದು. ನೆಲೆ ಕಳೆದುಕೊಂಡವನಿಗೆ ಅಳತೆ ಹಾಕಿದ ನಿವೇಶನ, ಹಕ್ಕುಪತ್ರ ಎಂದರೆ ಏನೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ಈ ಕೆಲಸದಲ್ಲಿ ನಾವು ಮುಂದೆ ನಿಲ್ಲಬೇಕು. ಶಾಲೆ, ಸಂತೆಗೆ ನಡೆದು ಹೋಗುವಷ್ಟು ದೂರದಲ್ಲಿ ಸರ್ಕಾರ ಜಾಗ ಗುರುತಿಸಲಿ, ಹಕ್ಕುಪತ್ರವನ್ನು ಮನೆಯ ಹೆಣ್ಣುಮಗಳ ಹೆಸರಿಗೆ ಮಾಡಲಿ, ಸಂಜೆ ಮಕ್ಕಳಿಗೆ ಹಾಡು ಕಲಿಸಲು ಒಂದು ಅಂಗಳ ಬಿಡಲಿ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನಿಗೆ ಹೋಗುವವರು ವಾರಗಟ್ಟಲೆ ಬೀಗ ಹಾಕಿರುತ್ತಾರೆ. ಆ ಬೀಗ ನೋಡಿ ಯಾರೂ ವಾಸವಿಲ್ಲವೆಂದು ಬರೆದು ಮಂಜೂರಾತಿ ರದ್ದು ಮಾಡಕೂಡದೆಂಬ ಷರತ್ತನ್ನು ಆದೇಶದಲ್ಲಿಯೇ ಸೇರಿಸಬೇಕು.