ಸತ್ಯಾಂಶ: ರಬ್ಬರ್ ಬ್ಯಾಂಡ್ ಸುತ್ತಿದರೆ ಹಲ್ಲಿನ ಸಂದು ಮುಚ್ಚುತ್ತದೆಯೇ?

ಮಂಗಳೂರು, ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಸಲಹೆ ಇದು: ಮುಂದಿನ ಎರಡು ಹಲ್ಲಿಗೆ ಸಣ್ಣ ರಬ್ಬರ್ ಬ್ಯಾಂಡ್ ಸುತ್ತಿ ಮಲಗಿ, ವಾರದಲ್ಲಿ ಸಂದು ಮಾಯ, ಕ್ಲಿಪ್ಪಿನ ಖರ್ಚು ಉಳಿಯಿತು.

ಸಂದು ಕೂಡುವುದು ನಿಜ. ಅಪಾಯವೂ ಅಲ್ಲೇ ಇದೆ. ಹಲ್ಲು ಬೇರಿನ ಕಡೆಗೆ ಕಿರಿದಾಗುತ್ತಾ ಹೋಗುತ್ತದೆ. ಹಿಡಿದಿಡಲು ಬ್ರಾಕೆಟ್ (ಕ್ಲಿಪ್ ಹಾಕುವಾಗ ಹಲ್ಲಿಗೆ ಅಂಟಿಸುವ ಪುಟ್ಟ ಕೊಂಡಿ) ಇಲ್ಲದ ಬ್ಯಾಂಡ್ ಜಾರಿ ವಸಡಿನೊಳಗೆ ಸೇರುತ್ತದೆ. ಕಾಣದಾದಾಗ ಬಿದ್ದುಹೋಯಿತೆಂದುಕೊಂಡು ಇನ್ನೊಂದು ಹಾಕುವವರಿದ್ದಾರೆ! ಒಳಗಿನದು ಬೇರಿನ ತುದಿಯತ್ತ ಸರಿಯುತ್ತಾ, ಹಲ್ಲನ್ನು ಹಿಡಿದ ನಾರುಗಳನ್ನೂ ಮೂಳೆಯನ್ನೂ ತಿನ್ನುತ್ತದೆ. ವಸಡು ಊದುತ್ತದೆ, ಕೀವಾಗುತ್ತದೆ, ಹಲ್ಲು ಉದ್ದವಾದಂತೆ ಕಂಡು ಅಲುಗಾಡುತ್ತದೆ. ಹುಳುಕೇ ಇಲ್ಲದ ಹಲ್ಲು ಹೀಗೆ ಬೀಳಬಹುದು. ರಬ್ಬರ್ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣದು. ಹಾಕಿದ್ದರೆ ನಾಚಿಕೆಪಡದೆ ವೈದ್ಯರಿಗೆ ಹೇಳಿಬಿಡಿ.

ಕ್ಲಿಪ್ಪಿನಲ್ಲೂ ರಬ್ಬರ್ ಇರುತ್ತದಲ್ಲ ಎಂಬ ಪ್ರಶ್ನೆ ಸಹಜ. ಅಲ್ಲಿ ಅದು ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟಿಗೆ ಸಿಕ್ಕಿಕೊಂಡಿರುತ್ತದೆ, ತಂತಿ ಬೇರಿನ ದಿಕ್ಕನ್ನೂ ನಿಯಂತ್ರಿಸುತ್ತದೆ. ಒಂದು ಬದಿಯ ಮೂಳೆ ಕರಗಿ ಇನ್ನೊಂದು ಬದಿ ಬೆಳೆಯಬೇಕಾದ್ದರಿಂದ ವೇಗ ತಿಂಗಳಿಗೆ ಸುಮಾರು 1 ಮಿ.ಮೀ. ಮಾತ್ರ. ಪೂರ್ಣ ಚಿಕಿತ್ಸೆಗೆ ಸಾಮಾನ್ಯವಾಗಿ 18ರಿಂದ 24 ತಿಂಗಳು. ಕ್ಲಿಪ್ಪಿನ ಬದಲು ಹಲ್ಲಿನ ಮೇಲೆ ತೊಡುವ ಪಾರದರ್ಶಕ ಕವಚ, ಅಂದರೆ ಅಲೈನರ್ ಆದರೆ ದಿನಕ್ಕೆ 20–22 ಗಂಟೆ ಹಾಕಲೇಬೇಕು. ಮುಗಿದ ಮೇಲೆ ರಿಟೇನರ್ (ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನ) ಹಾಕುವುದನ್ನು ಬಿಟ್ಟರೆ ಸಂದು ಮತ್ತೆ ತೆರೆಯಬಹುದು.

ಅಂದಹಾಗೆ, 8–9 ವರ್ಷದ ಮಕ್ಕಳ ಮುಂದಿನ ಸಣ್ಣ ಸಂದು ಕೋರೆಹಲ್ಲು ಬಂದಾಗ ಹೆಚ್ಚಾಗಿ ತಾನೇ ಮುಚ್ಚುತ್ತದೆ. ಖರ್ಚಿನ ಚಿಂತೆಯಿದ್ದರೆ ಮಣಿಪಾಲ, ಮಂಗಳೂರು, ದೇರಳಕಟ್ಟೆಯ ದಂತ ಕಾಲೇಜುಗಳ ಆರ್ಥೊಡಾಂಟಿಕ್ಸ್ (ಹಲ್ಲು ಸಾಲಾಗಿಸುವ ಚಿಕಿತ್ಸೆ) ವಿಭಾಗದಲ್ಲಿ ವಿಚಾರಿಸಿ.