ಎರಡು ಸನ್ಮಾನಕ್ಕೆ ಒಂದು ಲಂಗ

ಉಡದೆ, ಒಗೆಯದೆ, ಬಿಸಿಲು ಕಾಣದೆ ಹಳೆಯದಾಗುವ ಬಟ್ಟೆ ಕರ್ನಾಟಕದಲ್ಲಿ ಒಂದೇ ಒಂದು. ಅದು ಸನ್ಮಾನದ ಶಾಲು. ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬರುತ್ತದೆ, ಹೆಗಲ ಮೇಲೆ ಬೀಳುತ್ತದೆ, "ಸಾರ್ ಈ ಕಡೆ ನೋಡಿ" ಅನ್ನುವ ಹೊತ್ತಿಗೆ ಅದರ ಆಯಸ್ಸು ಮುಗಿದಿರುತ್ತದೆ. ಮತ್ತೆ ಅದೇ ಮಡಿಕೆ, ಅದೇ ಕವರು, ಬೀರುವಿನ ಮೇಲಿನ ಹಲಗೆ.

ಊರಲ್ಲಿ ಸ್ವಲ್ಪ ಹೆಸರು ಮಾಡಿದವರ ಮನೆಗೆ ಹೋಗಿ ನೋಡಿ. ನಿವೃತ್ತ ಹೆಡ್‌ಮಾಸ್ಟರು, ಡೇರಿ ಕಾರ್ಯದರ್ಶಿ, ಹರಿಕಥೆ ದಾಸರು, ಎರಡು ಕವನ ಸಂಕಲನ ತಂದವರು. ಯಾರ ಬೀರುವಿನ ಬಾಗಿಲನ್ನೂ ಜೋರಾಗಿ ತೆಗೆಯುವಂತಿಲ್ಲ. ತೆಗೆದರೆ ಮೇಲಿಂದ ಅಭಿನಂದನೆ ಸುರಿಯುತ್ತದೆ. ಮನೆಯಾಕೆ ಮಾತ್ರ ಕೆಳಗೆ ನಿಂತು "ಇವನ್ನೇನು ಮಾಡೋದು?" ಎಂದು ಕೇಳುತ್ತಿರುತ್ತಾರೆ. ಸಾಧಕರಿಗೆ ಈ ಪ್ರಶ್ನೆ ಸಣ್ಣದು. ಆದರೆ ನಾಡಿನಲ್ಲಿ ಇದಕ್ಕಿಂತ ಗಂಭೀರವಾದ ಪ್ರಶ್ನೆ ಸದ್ಯಕ್ಕೆ ನನಗೆ ಕಾಣುತ್ತಿಲ್ಲ.

ಹೊದೆಯೋಣ ಎಂದರೆ ಚಳಿ ತಡೆಯುವುದಿಲ್ಲ. ಮೈ ಒರೆಸೋಣ ಎಂದರೆ ನೀರು ಹೀರುವುದಿಲ್ಲ, ನೀರನ್ನು ಬೆನ್ನ ಮೇಲೆ ಅತ್ತಿಂದಿತ್ತ ಓಡಾಡಿಸುತ್ತದೆ ಅಷ್ಟೆ. ನೆಲ ಒರೆಸಲೂ ಆಗದು. ಮಸಿಬಟ್ಟೆ ಮಾಡಿದರೆ ಬಿಸಿ ಪಾತ್ರೆಗೆ ಅಂಟಿಕೊಂಡು ಕರಗುತ್ತದೆ. ಮುಂದೆ ಜರಿ, ಹಿಂದೆ ಉದ್ದುದ್ದ ಸಡಿಲ ದಾರ. ಹೆಬ್ಬೆರಳ ಉಗುರು ಒಂದು ಎಳೆಗೆ ಸಿಕ್ಕಿದರೆ ಸಾಕು, ಹಂಸದ ಕತ್ತು ಪೂರ್ತಿ ಬಿಚ್ಚಿ ಕೈಗೆ ಬರುತ್ತದೆ.

ಹಾಗಾಗಿ ಹೊಲಿಗೆಯೊಂದೇ ದಾರಿ. ಹಳೇ ಬಟ್ಟೆಗೆ ಹೊಸ ರೂಪ ಕೊಡುವುದು ಈಗ ಫ್ಯಾಶನ್ನೂ ಹೌದು. ಜೀನ್ಸ್ ಪ್ಯಾಂಟು ಚೀಲವಾಗುತ್ತಿದೆ, ಸೀರೆ ಕುರ್ತಾ ಆಗುತ್ತಿದೆ. ಶಾಲು ಏನು ಪಾಪ ಮಾಡಿದೆ?

ಎಂಟು ವರ್ಷದ ಹುಡುಗಿಗೆ ಲಂಗ ಎಂದುಕೊಳ್ಳಿ. ಎರಡು ಶಾಲು ಬೇಕು. ಕುಚ್ಚು ಕತ್ತರಿಸಿ, ತುದಿಗೆ ತುದಿ ಸೇರಿಸಿ ಹೊಲಿದು, ಜರಿಯಂಚನ್ನು ಕೆಳಗೆ ಇಟ್ಟು, ಮೇಲೆ ನೆರಿಗೆ ಹಿಡಿದು ಪಟ್ಟಿ ಕೊಟ್ಟು ಲಾಡಿ ಹಾಕಿದರೆ ಆಯಿತು. ಹೊಲಿಗೆ ಬಲ್ಲವರಿಗೆ ಒಂದು ಮಧ್ಯಾಹ್ನದ ಕೆಲಸ. ಕತ್ತರಿ ಬಿದ್ದಲ್ಲೆಲ್ಲ ಎಳೆ ಬಿಚ್ಚಿಕೊಳ್ಳುವುದರಿಂದ ಅಂಚಿಗೆ ಝಿಗ್‌ಜಾಗ್ ಹೊಡೆಸಬೇಕು. ಇಸ್ತ್ರಿಯನ್ನು ತೀರಾ ಕಡಿಮೆ ಬಿಸಿಯಲ್ಲಿ ಇಡಬೇಕು, ಇಲ್ಲದಿದ್ದರೆ ಸನ್ಮಾನ ಸುರುಟಿಹೋಗುತ್ತದೆ. ಒಳಗೆ ಹತ್ತಿ ಲೈನಿಂಗ್ ಬೇಕೇ ಬೇಕು. ಇಲ್ಲದಿದ್ದರೆ ಮಗು ಚುಚ್ಚುತ್ತೆ ಅಂತ ಮದುವೆ ಮನೆಯಲ್ಲಿ ಅಳುತ್ತದೆ. ಲೈನಿಂಗ್ ಬಟ್ಟೆ, ದಾರ, ಲಾಡಿ, ಹೊಲಿಗೆ ಕೂಲಿ ಎಲ್ಲ ಲೆಕ್ಕ ಹಾಕಿದರೆ ಸಂತೆಯಲ್ಲಿ ಸಿಗುವ ಹೊಸ ಲಂಗಕ್ಕಿಂತ ಇದೇ ಜಾಸ್ತಿ ಆಗುತ್ತದೆ. ಇರಲಿ, ಪರಿಸರ ಉಳಿಯಿತಲ್ಲ.

ಲಂಗ ಹೊಲಿಯುವಾಗ ಒಳಗೆ ಎರಡು ಮಡಿಕೆ ಹೊಲಿದಿಡುವುದು ಹಳೇ ಜಾಣತನ. ಹುಡುಗಿ ಬೆಳೆದ ಹಾಗೆ ಒಂದೊಂದನ್ನೇ ಬಿಚ್ಚುವುದು. ಬಿಚ್ಚಿದ ಕಡೆ ಬಣ್ಣ ಮಾಸದೆ ಉಳಿದ ಗಾಢ ಪಟ್ಟಿ ನೋಡಿಯೇ ಮಗು ಎಷ್ಟು ಬೆಳೆದಿದೆ ಎಂದು ಹೇಳಬಹುದಿತ್ತು. ರೆಡಿಮೇಡ್ ಬಟ್ಟೆಯಲ್ಲಿ ಆ ಸೌಕರ್ಯ ಇಲ್ಲ. ಒಳಗೆ ಅರ್ಧ ಬೆರಳಷ್ಟೂ ಬಟ್ಟೆ ಬಿಟ್ಟಿರುವುದಿಲ್ಲ, ಓವರ್‌ಲಾಕ್ ಹೊಡೆದು ಮುಗಿಸಿರುತ್ತಾರೆ. ಆ ಲೆಕ್ಕದಲ್ಲಿ ಶಾಲು ಉದಾರಿ. ಯಾರೂ ಅದನ್ನು ಯಾವ ಅಳತೆಗೂ ಕತ್ತರಿಸಿಲ್ಲ.

ಕಷ್ಟ ಇರುವುದು ಬಣ್ಣದಲ್ಲಿ. ಒಂದೇ ಬಣ್ಣದ ಜೋಡಿ ಬೇಕಾದರೆ ಒಂದೇ ಸಂಘದವರು ಎರಡು ಸಲ ಸನ್ಮಾನ ಮಾಡಬೇಕು. ಮಾಡುತ್ತಾರೆ, ಅದೇನೂ ದೊಡ್ಡದಲ್ಲ. ಆದರೆ ಮೊದಲನೇ ಸಲ ಅಧ್ಯಕ್ಷರಾಗಿದ್ದವರು ಎರಡನೇ ಸಲಕ್ಕೆ ಬೇರೆ ಬಣಕ್ಕೆ ಹೋಗಿರುತ್ತಾರೆ, ಶಾಲಿನ ಬಣ್ಣವೂ ಅವರ ಜೊತೆಗೇ ಹೋಗಿರುತ್ತದೆ.

ಕೌದಿ ಮಾಡಬಹುದಲ್ವಾ ಎಂದು ನೀವು ಕೇಳಬಹುದು. ಧಾರವಾಡ, ಬಾಗಲಕೋಟೆ ಕಡೆ ಹಳೇ ಇಳಕಲ್ ಸೀರೆ, ಹರಿದ ಧೋತರ, ಮಕ್ಕಳ ಅಂಗಿ ತುಂಡು ಎಲ್ಲ ಪದರ ಪದರವಾಗಿ ಹಾಸಿ ದಾರ ಓಡಿಸಿದರೆ ಕೌದಿ. ಯಲ್ಲಾಪುರ, ಹಳಿಯಾಳದ ಕಾಡಿನ ಅಂಚಲ್ಲಿ ಸಿದ್ದಿ ಸಮುದಾಯದ ಹೆಂಗಸರು ಇದನ್ನು ಮೂಲೆಯಿಂದ ಶುರು ಮಾಡಿ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಪುಟ್ಟ ತುಂಡುಗಳನ್ನು ತ್ರಿಕೋನವಾಗಿ ಮಡಿಸಿ ಹೂವು ಕೂರಿಸುತ್ತಾರೆ. ಆ ಹೂವಿಲ್ಲದಿದ್ದರೆ ಅವರ ಕಣ್ಣಿಗೆ ಕೌದಿ ಪೂರ್ತಿಯಾದ ಹಾಗಲ್ಲ. ಇದಕ್ಕೆ ಬೇಕಾದ ಬಟ್ಟೆ ನಿಜವಾಗಿ ಹಳೆಯದಿರಬೇಕು. ಒಗೆದು ಒಗೆದು ಮೆತ್ತಗಾಗಿರಬೇಕು. ಯಾರೋ ಉಟ್ಟಿರಬೇಕು, ಯಾವುದೋ ಮಗು ಅದರ ಸೆರಗಿಗೆ ಮೂಗು ಒರೆಸಿರಬೇಕು. ಶಾಲಿಗೆ ಆ ಅನುಭವ ಎಲ್ಲಿಂದ ಬರಬೇಕು? ಕೌದಿ ಹೊಲಿಯುವ ಆಯಿಯ ಮುಂದೆ ಒಂದು ಶಾಲು ಹಿಡಿದು ನೋಡಿ. "ಇದು ಬ್ಯಾಡ್ರಿ, ರಾತ್ರಿ ಮಗ್ಗಲಾ ಬದಲಿಸಿದ್ರ ಸರಪರ ಅಂತೈತಿ" ಎಂದು ವಾಪಸ್ ಕೊಡುತ್ತಾಳೆ. ಶಾಲಿಗೆ ನಮ್ಮ ನಾಡಿನಲ್ಲಿ ಆಗುವ ಒಂದೇ ಅವಮಾನ ಅದು.

ಸರ್ಕಾರ ಸುಮ್ನೆ ಕೂತಿದೆ ಎನ್ನುವಂತಿಲ್ಲ. 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಹೊಸತರಲ್ಲೇ ಸುತ್ತೋಲೆ ಹೊರಟಿತು. ಸರ್ಕಾರಿ ಸಭೆ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಬೇಡ, ಕೊಡಲೇಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಯಾದ ಕೂಡಲೇ ತಾವೂ ಹಾರ, ಶಾಲು ತೆಗೆದುಕೊಳ್ಳುವುದಿಲ್ಲ, ಪುಸ್ತಕ ಕೊಡಿ ಎಂದರು. ಪಕ್ಷ ಬೇರೆ, ಮಾತು ಒಂದೇ. ಈ ನಾಡಿನಲ್ಲಿ ಇದು ಅಪರೂಪ. ಜನ ಇಬ್ಬರ ಮಾತನ್ನೂ ತಲೆಬಾಗಿ ಪಾಲಿಸಿದರು. ಪುಸ್ತಕವನ್ನು ಶಾಲಿನಲ್ಲಿ ಸುತ್ತಿ ಕೊಡುತ್ತಿದ್ದಾರೆ.

ಇನ್ನು ಮರುಬಳಕೆ. ಅದರಲ್ಲಿ ನಾವು ಜಗತ್ತಿಗಿಂತ ಮುಂದೆ. ಕಳೆದ ವರ್ಷ ನೀವು ಒಬ್ಬರಿಗೆ ಹೊದಿಸಿದ ಶಾಲು, ನಡುವೆ ನಾಲ್ಕು ಸಮಾರಂಭ ಮುಗಿಸಿ, ಈ ವರ್ಷ ನಿಮ್ಮ ಹೆಗಲಿಗೇ ಬರುತ್ತದೆ. ಕವರಿನ ಒಳಗೆ ನಿಮ್ಮದೇ ಸಂಘದ ಚೀಟಿ ಇರುತ್ತದೆ.

ಈಗ ಎಲ್ಲ ತಾಲೂಕಿನಲ್ಲೂ "ಕಸದಿಂದ ರಸ: ಹಳೇ ಬಟ್ಟೆಯಿಂದ ಹೊಸ ಉಡುಪು" ಎಂಬ ಒಂದು ದಿನದ ತರಬೇತಿ ಶಿಬಿರ ನಡೆಯುತ್ತದೆ. ಹೆಸರು ಬೇರೆ ಇರಬಹುದು, ನಡೆಯುವುದು ಹೀಗೇ. ಹತ್ತು ಗಂಟೆಗೆ ಎಂದ ಕಾರ್ಯಕ್ರಮಕ್ಕೆ ಅತಿಥಿಗಳು ಹನ್ನೆರಡಕ್ಕೆ ಬರುತ್ತಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ. ವೇದಿಕೆ ಮೇಲೆ ಒಂಬತ್ತು ಕುರ್ಚಿ, ಹನ್ನೊಂದು ಗಣ್ಯರು. ಒಬ್ಬೊಬ್ಬರಿಗೂ ಒಂದೊಂದು ಹೊಸ ಶಾಲು. ಉದ್ಘಾಟಕರು ಹೊಲಿಗೆ ಯಂತ್ರದ ಮುಂದೆ ಕೂತು ಪೆಡಲ್ ತುಳಿಯುತ್ತಾರೆ. ಚಪ್ಪಾಳೆ. ಯಂತ್ರಕ್ಕೆ ದಾರ ಪೋಣಿಸಿಲ್ಲ, ಬಾಬಿನ್ನೂ ಇಲ್ಲ ಎನ್ನುವುದು ಮುಂದಿನ ಸಾಲಿನ ಹೆಂಗಸರಿಗೆಲ್ಲ ಕಾಣುತ್ತಿರುತ್ತದೆ. ಆಮೇಲೆ ಬಟ್ಟೆಯನ್ನು ಹೇಗೆ ವ್ಯರ್ಥ ಮಾಡಬಾರದು ಎಂದು ಮುಕ್ಕಾಲು ಗಂಟೆ ಭಾಷಣ, ಹೆಗಲ ಮೇಲಿನ ಶಾಲನ್ನು ಆಗಾಗ ಸರಿಪಡಿಸಿಕೊಳ್ಳುತ್ತಾ.

ತರಬೇತಿ ಕೊಡಲು ಬಂದ ಟೈಲರ್ ಅಕ್ಕನಿಗೆ ಊಟಕ್ಕೆ ಮುಂಚೆ ಉಳಿಯುವುದು ಅರ್ಧ ಗಂಟೆ. ಅಷ್ಟರಲ್ಲೇ ಅವರು ಅಪ್ಪನ ಹಳೇ ಅಂಗಿಯಿಂದ ಮಗಳ ಫ್ರಾಕು ಮಾಡಿ ತೋರಿಸುತ್ತಾರೆ. ಕಾಲರ್ ಸವೆದಿತ್ತು, ಕತ್ತರಿಸಿದರು. ತೋಳು ತೆಗೆದರು. ಗುಂಡಿಪಟ್ಟಿ ಹಾಗೇ ಮುಂದುಗಡೆ ಉಳಿಯಿತು. ಕುತ್ತಿಗೆಗೆ ಎಲಾಸ್ಟಿಕ್ ಹಾಕಿ ಸುರುಕು ತಂದರು. ತೆಗೆದ ತೋಳಿನಿಂದ ಎರಡು ಜೇಬು. ಇಡೀ ದಿನದಲ್ಲಿ ನಡೆದ ಕೆಲಸ ಇಷ್ಟೆ, ಅದೂ ಅಚ್ಚುಕಟ್ಟು. ಅಷ್ಟರಲ್ಲಿ ಅನ್ನ ಆರುತ್ತದೆ ಎಂದು ಯಾರೋ ಹೇಳುತ್ತಾರೆ. ವಂದನಾರ್ಪಣೆ. ಅಕ್ಕನಿಗೂ ಒಂದು ಶಾಲು. ಗೌರವಧನ ಎಲ್ಲಿ ಎಂದರೆ ಬಿಲ್ ಪಾಸಾಗಬೇಕು. ಶಾಲಿನ ಬಿಲ್ ಮಾತ್ರ ಹಿಂದಿನ ದಿನವೇ ಪಾಸಾಗಿರುತ್ತದೆ.

ಸನ್ಮಾನ ನಿಲ್ಲಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಅರ್ಧ ರಾಜ್ಯ ಅನಾಥವಾಗಿಬಿಡುತ್ತದೆ. ಅದಕ್ಕೇ ಒಂದು ಸಣ್ಣ ಸಲಹೆ. ಶಾಲು ನೇಯುವಾಗಲೇ ಅದರ ಮೇಲೆ ಕತ್ತರಿ ಗೆರೆ ಅಚ್ಚು ಹಾಕಿಸಿ. ತಾಲೂಕು ಮಟ್ಟದ ಶಾಲಿನಲ್ಲಿ ಜುಬ್ಬದ ಬಲತೋಳು, ಎಡತೋಳು. ಜಿಲ್ಲಾ ಮಟ್ಟದ್ದರಲ್ಲಿ ಬೆನ್ನು. ರಾಜ್ಯ ಮಟ್ಟಕ್ಕೆ ಹೋದವರಿಗೆ ಎದೆಭಾಗ, ಜೇಬು ಸಮೇತ. ಹಂಪಿ, ಮೈಸೂರಿನ ದೊಡ್ಡ ವೇದಿಕೆಗಳಲ್ಲಿ ಕಾಲರ್ ಕೊಟ್ಟರಾಯಿತು. ಆಗ ಯಾರ ಸಾಧನೆ ಎಷ್ಟು ಎನ್ನುವುದು ಮೈಮೇಲೇ ಕಾಣುತ್ತದೆ, ಪರಿಚಯ ಭಾಷಣದ ಹೊತ್ತೂ ಉಳಿಯುತ್ತದೆ. ಸಂಘಟಕರಿಗೆ ಫೋನುಗಳೂ ಬರುತ್ತವೆ, "ನಮಸ್ಕಾರ ಸಾರ್, ಜುಬ್ಬ ಹೆಚ್ಚುಕಮ್ಮಿ ಆಗಿದೆ, ಎಡಗೈ ಒಂದು ಬಾಕಿ. ನಿಮ್ಮಲ್ಲಿ ಏನಾದ್ರೂ ಕಾರ್ಯಕ್ರಮ ಇದ್ರೆ ಸ್ವಲ್ಪ ನೋಡಿ."